ಮುಚ್ಚಳದ ಉಪ್ಪು

ಬಂದವರಿಗೆಲ್ಲ ಕಾಫಿ ಕೊಟ್ಟು ಮುಗಿದರೂ ಶಾಂತಲಾ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಭಾನುವಾರದ ಮಧ್ಯಾಹ್ನ, ನಡುಮನೆಯಲ್ಲಿ ಟೀವಿಯ ಮುಂದೆ ಅರ್ಧ ಬೀದಿಯೇ ಬಂದು ಕೂತಿತ್ತು.

"ಶಾಂತೂ, ಬಾರೇ, ಶುರುವಾಯ್ತು," ಎಂದು ಗಂಡ ಜಯಪ್ರಕಾಶ್ ಕೂಗಿದ. "ನೀನು ಫೈನಲ್‌ಗೆ ಹೋಗೋ ಎಪಿಸೋಡ್ ಕಣೇ. ನೀನೇ ಇಲ್ದಿದ್ರೆ ಹೆಂಗೆ?"

"ಅನ್ನ ಬಸೀಬೇಕು, ಬಂದೆ," ಎಂದಳು.

ಕುಕ್ಕರ್ ಬಂದ ಮೇಲೆ ಆ ಮನೆಯಲ್ಲಿ ಯಾರೂ ಅನ್ನ ಬಸಿದಿರಲಿಲ್ಲ. ಜಯಪ್ರಕಾಶನಿಗೆ ಅದು ಹೊಳೆಯಲೂ ಇಲ್ಲ. ಹೆಂಡತಿ ಅಡುಗೆ ಸ್ಪರ್ಧೆಗೆ ಆಯ್ಕೆಯಾದಾಗಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗುಬ್ಬಿ ಬಸ್ ಸ್ಟ್ಯಾಂಡಿನೆದುರು 'ನಮ್ಮೂರ ಹೆಮ್ಮೆ' ಎಂದು ಅವಳ ಫೋಟೋದ ಫ್ಲೆಕ್ಸ್ ಕಟ್ಟಿಸಿದವನೂ ಅವನೇ. ಅದರ ಮುಂದೆ ಹಾದುಹೋಗುವಾಗಲೆಲ್ಲ ಶಾಂತಲಾ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು. ಇವತ್ತು ಟೀವಿಯಲ್ಲಿ ತನ್ನ ಕೈ ಕಂಡುಬಿಟ್ಟರೆ ಸಂಜೆಯೊಳಗೆ ಆ ಫ್ಲೆಕ್ಸ್ ಬಿಚ್ಚಿಸಬೇಕು, ಆಮೇಲೆ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ? ಇಷ್ಟೆಲ್ಲ ಭಯಕ್ಕೆ ಕಾರಣ ಒಂದು ಹಿಡಿ ಉಪ್ಪು.

ಶೂಟಿಂಗ್ ನಡೆದದ್ದು ಹೋದ ತಿಂಗಳು, ಬೆಂಗಳೂರಿನ ಸ್ಟುಡಿಯೋದಲ್ಲಿ. ಅವತ್ತಿನ ಅಡುಗೆ ಬಸ್ಸಾರು, ಮುದ್ದೆ. ಸಾಮಾನು ಜೋಡಿಸಿಟ್ಟ ಕಪಾಟಿಗೆ ಒಂದೇ ಸಲ ಹೋಗಿ ಬೇಕಾದ್ದನ್ನೆಲ್ಲ ತಂದುಕೊಳ್ಳಬೇಕು. ಮರೆತರೆ ಮರೆತ ಹಾಗೆ. ಒಬ್ಬರಿಗೊಬ್ಬರು ಏನೂ ಕೊಡುವಂತಿಲ್ಲ. ಕೊಟ್ಟವರೂ ಔಟ್, ತಗೊಂಡವರೂ ಔಟ್. ಶಾಂತಲಾಳ ಪಕ್ಕದ ಅಡುಗೆಕಟ್ಟೆಯ ಮುಂದೆ ನಿಂತಿದ್ದವಳು ಕುಣಿಗಲ್ಲಿನ ದೊಡ್ಡಗಂಗಮ್ಮ, ಮದುವೆಮನೆಗಳಲ್ಲಿ ಅಡುಗೆ ಮಾಡಿಯೇ ತಲೆ ನರೆತ ಹೆಂಗಸು. ಕುಣಿಗಲ್ ಸುತ್ತಮುತ್ತ ಮದುವೆಯೆಂದರೆ ಉಗ್ರಾಣದ ಬೀಗದ ಕೈ ಮೊದಲು ಅವಳ ಸೊಂಟ ಸೇರುತ್ತಿತ್ತು. ಅಂಥವಳು ಆ ಲೈಟು, ಆ ಕ್ಯಾಮೆರಾ ನೋಡಿ ಗಾಬರಿಬಿದ್ದು ಉಪ್ಪನ್ನೇ ಮರೆತು ಬಂದಿದ್ದಳು.

"ಒಂಚೂರು ಉಪ್ಪು ಕೊಡವ್ವ," ಎಂದು ಮಿಕ್ಸಿಗಳ ಗದ್ದಲದ ನಡುವೆ ಪಿಸುಗುಟ್ಟಿದಳು.

ಉಪ್ಪು ಕೇಳಿದವರಿಗೆ ಇಲ್ಲವೆಂದು ಹೇಳಿ ಶಾಂತಲಾಗೆ ಅಭ್ಯಾಸವಿರಲಿಲ್ಲ. ತಲೆಗೆ ಮುಂಚೆ ಕೈ ಓಡಿತು. ಡಬ್ಬಿಯ ಮುಚ್ಚಳಕ್ಕೆ ಉಪ್ಪು ಸುರಿದು, ಎರಡೂ ಕಟ್ಟೆ ಕೂಡುವ ಅಂಚಿನಲ್ಲಿಟ್ಟು, ಈ ಕಡೆ ತಿರುಗಿ ನಿಂತಳು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಇಬ್ಬರಿಗೂ ಜಗಳ ಹತ್ತಿ ಮಾತು ಬಿಟ್ಟುಹೋಗುತ್ತದೆ, ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು ಎಂದು ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ಸಿದ್ದಗಂಗಮ್ಮ ಹೇಳಿಕೊಟ್ಟಿದ್ದಳು. ದೊಡ್ಡಗಂಗಮ್ಮ ಕೈ ಚಾಚಿ ಎತ್ತಿಕೊಂಡಳು.

ಜಡ್ಜುಗಳು ನೋಡಿದ್ದು ಎತ್ತಿಕೊಂಡದ್ದನ್ನು ಮಾತ್ರ. ಅಡುಗೆ ನಿಲ್ಲಿಸಿ, "ಇದನ್ನ ಯಾರಾದ್ರೂ ಕೊಟ್ರಾ, ನೀವೇ ತಗೊಂಡ್ರಾ?" ಎಂದು ಕೇಳಿದರು. ಶಾಂತಲಾ ಬಾಯಿ ತೆರೆದಳು. ಮತ್ತೆ ಮುಚ್ಚಿ ತನ್ನ ಕಟ್ಟೆ ಒರೆಸತೊಡಗಿದಳು.

"ನಾನೇ ತಗಂಡೆ ಸಾ," ಎಂದಳು ದೊಡ್ಡಗಂಗಮ್ಮ.

ಶಾಂತಲಾಳ ಕಡೆ ಅವಳು ಕಣ್ಣೆತ್ತಿಯೂ ನೋಡಲಿಲ್ಲ. ಏಪ್ರನ್ ಬಿಚ್ಚಿ ಹೊರಡುವಾಗ ಮಾತ್ರ ಹತ್ತಿರ ಬಂದು, "ಒಬ್ರು ಹೋದ್ರೆ ಸಾಕು ಬುಡವ್ವ, ಇಬ್ರೂ ಯಾಕೆ," ಎಂದಳು. ಚಾನೆಲ್‌ನವರಿಗೆ ನಿಜ ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎನ್ನುತ್ತಲೇ ಶಾಂತಲಾ ತಿಂಗಳು ಕಳೆದಳು.

"ಯಾರೋ ಕದ್ದವ್ರಂತೆ ಕಣ್ರೋ," ಎಂದು ನಡುಮನೆಯಲ್ಲಿ ಯಾರೋ ಅಂದರು. ಶಾಂತಲಾ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಟೀವಿಯವರು ಗುಡುಗಿನ ಸದ್ದು ಹಾಕಿ, ದೊಡ್ಡಗಂಗಮ್ಮನ ಕೈ ಮುಚ್ಚಳದ ಕಡೆಗೆ ಚಾಚುವುದನ್ನು ನಿಧಾನವಾಗಿ ತೋರಿಸಿದರು. ಶಾಂತಲಾಳದು ಬೆನ್ನು ಮಾತ್ರ ಕಾಣುತ್ತಿತ್ತು. ಉಪ್ಪು ಇಟ್ಟ ಕೈ ಎಲ್ಲೂ ಇರಲಿಲ್ಲ. ಸದ್ಯ ಬದುಕಿದೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು. ಆದರೂ ಉಸಿರು ಹಗುರವಾದದ್ದು ಸುಳ್ಳಲ್ಲ.

"ಕುಣಿಗಲ್ಲೋಳು ಇವ್ಳು," ಎಂದ ಪಕ್ಕದ ಮನೆಯ ಗಂಗಾಧರ್. "ನಮ್ ಭಾಮೈದನ ಮದ್ವೇಲಿ ಇವ್ಳದೇ ಅಡ್ಗೆ. ಉಗ್ರಾಣ ಪೂರ್ತಿ ಇವ್ಳ ಕೈಗೇ ಕೊಟ್ಟಿದ್ವಿ. ಇನ್ನು ಏನೇನ್ ಎತ್ತಾಕ್ದ್ಲೋ, ಯಾರಿಗ್ಗೊತ್ತು."

"ಟೀವಿ ಮುಂದೇನೇ ಹಿಂಗೆ. ಇನ್ಯಾರು ಕರೀತಾರೆ ಇವ್ಳನ್ನ," ಎಂದಳು ಅವನ ಹೆಂಡತಿ. ಎಲ್ಲರೂ ನಕ್ಕರು.

ಅವರ ನಡುವೆ ಕೂತಿದ್ದ ಅತ್ತೆ ಸಿದ್ದಗಂಗಮ್ಮ ನಗಲಿಲ್ಲ. ಸೆರಗಿನಲ್ಲಿ ಕನ್ನಡಕ ಒರೆಸಿ ಹಾಕಿಕೊಂಡು ಮುಂದಕ್ಕೆ ಬಾಗಿದಳು. ಟೀವಿಯವರು ಅದನ್ನೇ ಮತ್ತೆ ತೋರಿಸಿದರು. ಡಬ್ಬಿ ಒಂದು ಕಡೆ, ಅದರ ಮುಚ್ಚಳ ಇನ್ನೊಂದು ಕಡೆ. ಮುಚ್ಚಳದಲ್ಲಿ ಗುಪ್ಪೆ ಉಪ್ಪು, ಕಟ್ಟೆಯ ತುದಿಯಲ್ಲಿ, ಆಚೆಯವರ ಕೈಗೆ ಎಟುಕುವ ಹಾಗೆ. ಮುದುಕಿ ಬಹಳ ಹೊತ್ತು ನೋಡಿದಳು. ಆಮೇಲೆ ಟೀವಿಯಿಂದ ಕಣ್ಣು ತೆಗೆದು ಅಡುಗೆಮನೆಯ ಬಾಗಿಲ ಕಡೆ ತಿರುಗಿದಳು.

ಶಾಂತಲಾ ಬಾಗಿಲ ಮರೆಗೆ ಸರಿದಳು. ಕದಿಯುವವಳು ಡಬ್ಬಿಗೆ ಕೈ ಹಾಕುತ್ತಾಳೆ. ಮುಚ್ಚಳಕ್ಕೆ ಸುರಿದು ಅಂಚಿನಲ್ಲಿಟ್ಟ ಉಪ್ಪು ಕೊಟ್ಟ ಉಪ್ಪೇ. ಗುಬ್ಬಿಯಲ್ಲಿ, ಕುಣಿಗಲ್ಲಿನಲ್ಲಿ ಇನ್ನೆಷ್ಟು ಮುದುಕಿಯರು ಈ ಹೊತ್ತಿನಲ್ಲಿ ಹೀಗೇ ಕನ್ನಡಕ ಒರೆಸಿಕೊಳ್ಳುತ್ತಿದ್ದಾರೋ ಎಂದುಕೊಂಡಳು.

ಎಪಿಸೋಡ್ ಮುಗಿಯಿತು. ಬಂದವರನ್ನು ಕಳಿಸಿಬರಲು ಜಯಪ್ರಕಾಶ್ ಬೀದಿಗಿಳಿದ. ಸಿದ್ದಗಂಗಮ್ಮ ಕೂತಲ್ಲಿಂದಲೇ ಕೇಳಿದಳು.

"ಆ ಮುಚ್ಚಳ ಯಾರು ಅಲ್ಲಿಟ್ಟಿದ್ದು?"

"ಯಾವ ಮುಚ್ಚಳ ಅತ್ತೆ?"

"ನಿನ್ ಡಬ್ಬೀದು."

"ನಂಗೊತ್ತಿಲ್ಲ. ಹಂಗೇ ಬಿದ್ದಿತ್ತೇನೋ." ದನಿ ತನ್ನದಲ್ಲವೆನ್ನಿಸುವಷ್ಟು ಸರಾಗವಾಗಿತ್ತು.

"ಆ ಹೆಂಗಸಿಗೆ ಬದುಕು ಅದೇನಾ?"

"ಹೂಂ. ಮದ್ವೆ ಅಡ್ಗೆ."

ಮುದುಕಿ ಇನ್ನೇನೋ ಹೇಳುವಷ್ಟರಲ್ಲಿ ಶಾಂತಲಾಳ ಫೋನು ಹೊಡೆದುಕೊಂಡಿತು. ಚಾನೆಲ್‌ನ ಸಂಧ್ಯಾ. "ಮೇಡಂ, ನಾಡಿದ್ದು ಫೈನಲ್ ಶೂಟ್, ಬೆಳಿಗ್ಗೆನೇ ಗಾಡಿ ಕಳಿಸ್ತೀವಿ. ನಿಮ್ ಕಡೆಯಿಂದ ಏನಾದ್ರೂ ಹೇಳೋದಿದ್ಯಾ?" ಎಂಬ ಮಾತು ನಡುಮನೆಗೆಲ್ಲ ಕೇಳಿಸಿತು. ಸಿದ್ದಗಂಗಮ್ಮ ಅಲುಗಾಡದೆ ಸೊಸೆಯ ಬಾಯನ್ನೇ ನೋಡುತ್ತಿದ್ದಳು. ಹೊರಗೆ ಜಯಪ್ರಕಾಶನ ನಗು ಕೇಳುತ್ತಿತ್ತು.

"ಏನಿಲ್ಲ ಮೇಡಂ," ಎಂದಳು ಶಾಂತಲಾ. "ಬರ್ತೀನಿ."

ಸಿದ್ದಗಂಗಮ್ಮ ಎದ್ದು ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂತಳು. ಶಾಂತಲಾ ತಟ್ಟೆಯಿಟ್ಟು ಮುದ್ದೆ ಹಾಕಿದಳು, ಸಾರು ಬಿಟ್ಟಳು. ಸಾರು ತಟ್ಟೆಯಾಚೆಗೂ ಚೆಲ್ಲಿತು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಉಪ್ಪು ಕೊಡು."

ಶಾಂತಲಾ ಅಭ್ಯಾಸಬಲದಲ್ಲಿ ಡಬ್ಬಿಯ ಮುಚ್ಚಳ ತೆಗೆದು, ಅದಕ್ಕೆ ಉಪ್ಪು ಸುರಿದು ತಟ್ಟೆಯ ಪಕ್ಕದಲ್ಲಿಟ್ಟಳು. ಸಿದ್ದಗಂಗಮ್ಮ ಅದನ್ನು ಬೆರಳ ತುದಿಯಿಂದ ಮೆಲ್ಲಗೆ ಆಚೆ ಸರಿಸಿದಳು. ಆಮೇಲೆ ಬಲಗೈಯನ್ನು ಸೊಸೆಯ ಮುಂದೆ ಚಾಚಿ ಅಂಗೈ ಬಿಡಿಸಿದಳು.

"ಕೈಗೇ ಹಾಕು," ಎಂದಳು.

ಶಾಂತಲಾ ಒಂದು ಚಿಟಿಕೆ ಉಪ್ಪು ಎತ್ತಿಕೊಂಡು ನಿಂತಳು. ತೊಳೆದ ಅಂಗೈ ಅವಳ ಮುಂದೆ ಹಾಗೇ ತೆರೆದುಕೊಂಡಿತ್ತು. ಬೆರಳ ಸಂದಿಯ ಉಪ್ಪು ಬೆವರಿಗೆ ಕರಗತೊಡಗಿತ್ತು.