ವೈರಿಗಳು ಕೂತ ಕಾರು

ಡಾರ್ಲಾ ತನ್ನ ಅಂಗೈಯನ್ನು ಆ ದೈತ್ಯನ ಎದೆಗೆ ಒತ್ತಿ ಹಿಡಿದಿದ್ದಳು. ಚರ್ಚಿನ ಹಿಂಬಾಗಿಲಲ್ಲಿ ಅವನು ತಲೆ ತಗ್ಗಿಸಿ ನಿಂತಿದ್ದ. ಒಮ್ಮೆ ಉಸಿರು ಜೋರಾಗಿ ಎಳೆದಿದ್ದರೂ ಅವಳು ಹಿಂದೆ ಸರಿಯಬೇಕಾಗುತ್ತಿತ್ತು. ಅವನು ಉಸಿರನ್ನೂ ಹಿಡಿದುಕೊಂಡಂತಿತ್ತು.

"ಒಳಗೆ ಕಾಲಿಟ್ರೆ ನೋಡು. ನನ್ನ ಗಂಡನ್ನ ಬದುಕಿದ್ದಾಗ ನೆಲಕ್ಕೆ ಕುಕ್ಕಿದ್ದು ಸಾಲದಾ?"

"ಎರಡೇ ನಿಮಿಷ, ತಾಯಿ."

ಕಸಾಯಿ ಕ್ರೋಲ್ ಇಷ್ಟು ಮೆತ್ತಗೆ ಮಾತಾಡಬಲ್ಲ ಎಂದರೆ ಟೆನೆಸ್ಸಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಟೀವಿಯ ಕುಸ್ತಿಯಲ್ಲಿ ಅವನು ಮೈಕು ಕಚ್ಚಿ ಗುರುಗುಟ್ಟುತ್ತಿದ್ದ. ಇವತ್ತು ಗಡ್ಡ ಬಾಚಿ, ಗುಂಡಿ ಕೂಡದ ಕರಿ ಕೋಟು ತೊಟ್ಟಿದ್ದ.

ಹೋಬರ್ಟ್ ಏದುಸಿರು ಬಿಡುತ್ತ ಓಡಿಬಂದ. ಆ ಸೀಮೆಯ ಕುಸ್ತಿಗಳನ್ನೆಲ್ಲ ನಡೆಸುತ್ತಿದ್ದ ಯಜಮಾನ ಅವನು. ಆ ವರ್ಷ, ಎಂಬತ್ತೈದರಲ್ಲಿ, ಉತ್ತರದ ದೊಡ್ಡ ಕಂಪನಿಯೊಂದು ಅವನ ಶನಿವಾರದ ಟೀವಿ ಸಮಯವನ್ನೇ ಕೊಂಡುಕೊಂಡಿತ್ತು. ಹೆಸರಿದ್ದ ಪೈಲ್ವಾನರು ಒಬ್ಬೊಬ್ಬರಾಗಿ ಅತ್ತ ಜಾರಿದ್ದರು. ಹೆಸರಿದ್ದವರಲ್ಲಿ ಉಳಿದಿದ್ದವನು ಕ್ರೋಲ್, ಉಳಿದಿದ್ದುದು ಬರುವ ಶನಿವಾರದ ಒಂದು ಆಟ.

"ತಲೆ ಕೆಟ್ಟಿದೆಯೇನೋ ನಿಂಗೆ? ಮುಂದೆ ಇನ್ನೂರು ಜನ ನಿಂತಿದ್ದಾರೆ. ನೀನು ಅಳೋದನ್ನ ನೋಡಿದ್ರೆ ಶನಿವಾರ ಯಾರು ಬರ್ತಾರೆ?"

ಅಳೋದು? ಡಾರ್ಲಾ ಆಗ ಅವನ ಕಣ್ಣು ನೋಡಿದಳು.

"ಸಾಯೋವಾಗ ರಾಯ್ಸ್ ಒಬ್ಬನೇ ಇರಲಿಲ್ಲ, ತಾಯಿ. ಕಾರು ನಾನು ಓಡಿಸ್ತಿದ್ದೆ."

"ಎಮೆಟ್! ಬಾಯಿ ಮುಚ್ಚು!" ಎಂದ ಹೋಬರ್ಟ್.

ಕ್ರೋಲನಿಗೆ ಎಮೆಟ್ ಎಂಬ ಹೆಸರಿರುವುದು ಅವಳಿಗೆ ತಿಳಿದದ್ದು ಆಗಲೇ.

* * *

ಮದುವೆಯಾಗಿ ಏಳು ವರ್ಷ. ರಾಯ್ಸ್ ಕುಸ್ತಿಯಲ್ಲಿ ಗೆದ್ದದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಬೇರೆ ಬೇರೆ ಊರುಗಳಲ್ಲಿ ಸೋತು ಬೆಳಗಿನ ಹೊತ್ತಿಗೆ ಮನೆಗೆ ಬರುತ್ತಿದ್ದ. ಅವಳು ಹೆಗಲಿಗೆ ಮಂಜುಗಡ್ಡೆ ಇಡುತ್ತಿದ್ದಳು.

"ಆ ಕಸಾಯಿ ಕೈ ಮುರಿದು ಹೋಗಲಿ."

"ಹಾಗನ್ಬೇಡ್ವೆ," ಎನ್ನುತ್ತಿದ್ದ. ಅಷ್ಟೇ.

ಅಡುಗೆಮನೆಯ ಕಿಟಕಿಯಿಂದ ಊರಾಚೆಯ ನೀರಿನ ಟ್ಯಾಂಕ್ ಕಾಣುತ್ತಿತ್ತು. ಅವನ ನೀಲಿ ಕಾರು ಪ್ರತಿ ಸಲವೂ ಅಲ್ಲಿ ಒಂದು ನಿಮಿಷ ನಿಂತು ಆಮೇಲೆ ಮನೆಗೆ ಬರುತ್ತಿತ್ತು. ಯಾಕೆಂದು ಕೇಳಿದ್ದಕ್ಕೆ, "ಮೂತ್ರಕ್ಕೆ" ಎಂದಿದ್ದ. "ಮನೆ ಇನ್ನೂರು ಗಜ ಇದೆ, ತಡ್ಕೊಳ್ಳೋಕಾಗಲ್ವಾ?" ಎಂದು ಅವಳು ಏಳು ವರ್ಷ ನಕ್ಕಿದ್ದಳು.

ಮಂಗಳವಾರ ಕಾರು ಬರಲಿಲ್ಲ. ಹೃದಯಾಘಾತವಾಗಿ ಹೆದ್ದಾರಿಯ ಪಕ್ಕ ಒಬ್ಬನೇ ಸತ್ತಿದ್ದಾನೆ ಎಂದರು ಪೊಲೀಸರು. ಯಾರೋ ದಾರಿಹೋಕ ಫೋನು ಮಾಡಿ ಹೊರಟುಹೋಗಿದ್ದನಂತೆ. ಸಾವಿಗಿಂತ ಆ 'ಒಬ್ಬನೇ' ಎಂಬ ಮಾತೇ ಅವಳನ್ನು ನಾಲ್ಕು ದಿನದಿಂದ ನಿದ್ದೆಗೆ ಬಿಟ್ಟಿರಲಿಲ್ಲ.

* * *

"ಟ್ಯಾಂಕ್ ಹತ್ರ ಇಳೀತಿದ್ದವನು ನೀನಾ?"

"ಹೌದು. ಅದರ ಮರೆಯಲ್ಲಿ ಇಳಿದು ನನ್ನ ಮನೆಗೆ ನಡೀತಿದ್ದೆ. ಹತ್ತೊಂಬತ್ತು ವರ್ಷ. ಅಖಾಡದ ಒಳ್ಳೆಯವನೂ ಕೆಟ್ಟವನೂ ಒಂದೇ ಕಾರಲ್ಲಿ ಕೂತಿದ್ದನ್ನ ಜನ ನೋಡಬಾರದು."

"ನನಗ್ಯಾಕೆ ಹೇಳಲಿಲ್ಲ?"

"ವೈರ ಎಲ್ಲ ಬರೀ ನಾಟಕ ಅನ್ನೋದನ್ನ ಹೆಂಡತಿಗೂ ಹೇಳಬಾರದು ಅಂತ ಆಣೆ. ನಾವೆಲ್ಲ ಹೇಳಿಬಿಟ್ಟಿದ್ವಿ. ಪಾಲಿಸಿದವನು ಆ ಬೆಪ್ಪ ಒಬ್ಬನೇ."

ಅವಳಿಗೆ ನಗು ಬಂತು.

"ಅವನನ್ನ ಎಂಟಡಿ ಮೇಲಕ್ಕೆತ್ತಿ ಬಿಡ್ತಿದ್ದೆ," ಎಂದ ಎಮೆಟ್. "ಕಣ್ಣು ಮುಚ್ಚಿಕೊಂಡು ಮೈ ಕೊಡ್ತಿದ್ದ. ಒಂದು ದಿನವೂ ನನ್ನ ಕೈ ಮೇಲೆ ಅನುಮಾನ ಪಡಲಿಲ್ಲ. ಅಂಥ ನಂಬಿಕೆ ಚರ್ಚಲ್ಲೂ ನೋಡಿಲ್ಲ ನಾನು."

"ಕೊನೇಲಿ?"

"ಫೋನು ಮಾಡಿದ್ದೂ ನಾನೇ. ವಾಪಸ್ ಬಂದು ಅವನ ತಲೆ ನನ್ನ ತೊಡೆ ಮೇಲೆ ಇಟ್ಕೊಂಡೆ. ಆಂಬುಲೆನ್ಸ್ ಸದ್ದು ಕೇಳ್ತಿದ್ದ ಹಾಗೆ, 'ಹೋಗೋ, ನೋಡ್ತಾರೆ' ಅಂದ. ಹೋಗಲಿಲ್ಲ. ಕೈ ಸಡಿಲವಾದ ಮೇಲೆ ಜೋಳದ ಹೊಲಕ್ಕೆ ನುಗ್ಗಿದೆ. ಆ ಓಡಿದ್ದೊಂದು ತಪ್ಪಾಯ್ತು."

ಡಾರ್ಲಾ ಅವನ ಎದೆಯಿಂದ ಕೈ ತೆಗೆದಳು. "ಮುಂಬಾಗಿಲಿಂದ ಬಾ. ಪೆಟ್ಟಿಗೆಯನ್ನ ತಲೆಯ ಕಡೆ ನೀನೇ ಹಿಡಿ."

"ಹಿಡಿದ್ರೆ ಎಲ್ಲ ಮುಗೀತು, ಡಾರ್ಲಾ," ಎಂದ ಹೋಬರ್ಟ್. ಅವನ ದನಿಯಲ್ಲಿ ಕೋಪವಿರಲಿಲ್ಲ.

ಎಮೆಟ್ ಆಗಲೇ ಹೊರಟಿದ್ದ.

ಶವಪೆಟ್ಟಿಗೆ ಮೆಟ್ಟಿಲಿಳಿಯುವಾಗ ಮೊದಲು ಕೂಗಿದವಳು ಮಿಸ್ ಓರಾ. ಹದಿನೈದು ವರ್ಷದಿಂದ ಪ್ರತಿ ಕುಸ್ತಿಯಲ್ಲೂ ಮೊದಲ ಸಾಲಿನಲ್ಲಿ ಕೂತು ಕ್ರೋಲನಿಗೆ ಶಾಪ ಹಾಕುತ್ತಿದ್ದ ಮುದುಕಿ.

"ಥೂ ನಾಯಿ! ಸತ್ತವನನ್ನೂ ಬಿಡಲ್ವಾ?"

"ಮಿಸ್ ಓರಾ," ಎಂದಳು ಡಾರ್ಲಾ, "ರಾಯ್ಸ್ ಇವರ ತೊಡೆ ಮೇಲೇ ಪ್ರಾಣ ಬಿಟ್ಟದ್ದು. ಇವರು ಅವನ ಗೆಳೆಯ."

ಮುದುಕಿ ಎಮೆಟ್‌ನ ಒದ್ದೆ ಗಡ್ಡವನ್ನು ನೋಡಿದಳು.

"ಹಾಗಾದ್ರೆ ನಾನು ಇಷ್ಟು ವರ್ಷ ಗಂಟಲು ಹರ್ಕೊಂಡಿದ್ದು?"

"ನಾವಿಬ್ಬರೂ ಬದುಕಿದ್ದೇ ಅದರಿಂದ, ಅಮ್ಮ," ಎಂದ ಎಮೆಟ್.

ಮುದುಕಿ ದಾರಿ ಬಿಟ್ಟಳು.

ಸ್ಮಶಾನದ ಗೇಟಿನ ಹತ್ತಿರ ಪೈಲ್ವಾನರ ಕಾರುಗಳು ಬಹಳ ಹೊತ್ತು ಬಾಗಿಲು ತೆರೆಯದೆ ನಿಂತಿದ್ದವು. ಆಮೇಲೆ ಒಂದು ತೆರೆಯಿತು. ಮತ್ತೊಂದು. ಹಾಡುಹಗಲಲ್ಲಿ, ಊರಿನ ಕಣ್ಣೆದುರು, ಒಂದೊಂದು ಕಾರಿನಿಂದಲೂ ಹುಟ್ಟುವೈರಿಗಳು ಜೋಡಿಜೋಡಿಯಾಗಿ ಇಳಿದರು. ಕೊನೆಯ ಕಾರಿನಿಂದ ಇಳಿದ ಬಿಳಿಗೂದಲಿನ ಮಾಜಿ ಚಾಂಪಿಯನ್ನನಿಗೆ ಬೆನ್ನು ಬಾಗುತ್ತಿರಲಿಲ್ಲ. ಹಿಂದೊಮ್ಮೆ ಅಖಾಡದಲ್ಲಿ ಅವನ ಕಣ್ಣಿಗೆ ಉಪ್ಪೆರಚಿ ಪಟ್ಟ ಕಸಿದುಕೊಂಡಿದ್ದ ಮುಸುಕುಧಾರಿ, ಈಗ ಮುಸುಕಿಲ್ಲದೆ, ಜಲ್ಲಿಕಲ್ಲಿನ ಮೇಲೆ ಮಂಡಿಯೂರಿ ಅವನ ಬೂಟಿನ ದಾರ ಕಟ್ಟುತ್ತಿದ್ದ.