ಸೊಣ್ಣಮ್ಮನ ಒಂದು ಗಂಟೆ

ಮಧ್ಯಾಹ್ನ ಮೂರಕ್ಕೆ ಶಿವರಾಮ್ ಮೈಕಿನ ಮುಂದೆ ಕೂತನೆಂದರೆ ಒಂದು ಕಾಲದಲ್ಲಿ ಜೆ.ಪಿ. ನಗರದ ಆ ಎಫ್‌ಎಂ ಕೇಂದ್ರದ ಫೋನುಗಳಿಗೆ ಪುರುಸೊತ್ತು ಇರುತ್ತಿರಲಿಲ್ಲ. ಟೈಲರ್ ಅಂಗಡಿ, ಬ್ಯೂಟಿ ಪಾರ್ಲರು, ಆಟೊ ಸ್ಟ್ಯಾಂಡು, ಊಟ ಮುಗಿಸಿ ಪಾತ್ರೆ ತೊಳೆಯುವ ಅಡುಗೆಮನೆಗಳು, ಎಲ್ಲ ಕಡೆಯಿಂದಲೂ ಕರೆ ಬರುತ್ತಿದ್ದವು. ‘ಮೂರರ ಹರಟೆ’ ಅಂತ ಕಾರ್ಯಕ್ರಮದ ಹೆಸರು. ಅವನ ಮುಖ ಕಂಡವರು ಕಡಿಮೆ. ಆದರೆ ಜಯನಗರದ ಮಾರ್ಕೆಟ್ಟಿನಲ್ಲಿ ಬಾಯಿ ಬಿಟ್ಟರೆ ಸಾಕು, ಹೂವಿನವಳು “ನೀವು ರೇಡಿಯೋದವರಲ್ವಾ ಅಣ್ಣ?” ಅಂದು ಇನ್ನೊಂದು ಮೊಳ ಸುತ್ತಿ ಕೊಡುತ್ತಿದ್ದಳು.

ಅದೆಲ್ಲ ಕರಗಿಹೋಗಲು ಹೆಚ್ಚು ದಿನ ಹಿಡಿಯಲಿಲ್ಲ. ಟೈಲರು ಮೆಷಿನ್ನಿನ ಪಕ್ಕ ಮೊಬೈಲ್ ನಿಲ್ಲಿಸಿಕೊಂಡು ಸೀರಿಯಲ್ ನೋಡತೊಡಗಿದ. ಆಟೊದವರು ತಮಗೆ ಬೇಕಾದ ಹಾಡು ತಾವೇ ಹಾಕಿಕೊಂಡರು. ಕರೆ ಕಡಿಮೆಯಾಗುತ್ತಾ ಬಂದು, ಕೊನೆಕೊನೆಗೆ ತಪ್ಪದೆ ಫೋನು ಮಾಡುವವಳು ಅಂತ ಉಳಿದದ್ದು ಒಬ್ಬಳೇ: ಚಿಕ್ಕಲಸಂದ್ರದ ಸೊಣ್ಣಮ್ಮ.

ಸೊಣ್ಣಮ್ಮನದು ಅಲ್ಲಿಯ ಹಳೇ ಊರಿನ ಮನೆತನ. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಮನೆಗಳಿದ್ದವು. ಬಾಡಿಗೆಯವರಿಗೆ ಅವಳ ಬಾಯಿ ಕಂಡರೆ ಭಯ. ಮೋಟಾರು ಜಾಸ್ತಿ ಹೊತ್ತು ಓಡಿದರೆ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಅದೇ ಬಾಯಿ ಮೂರು ಗಂಟೆಯಾದರೆ ಮೆತ್ತಗಾಗಿ, “ಶಿವರಾಮಪ್ಪಾ, ಉಂಡ್ಯಾ?” ಅನ್ನುತ್ತಿತ್ತು. ನಾಟಿ ಹಾಕುವಾಗಿನ ಎರಡು ಸಾಲು ಪದ ಹೇಳುತ್ತಿತ್ತು. ಅವಳ ಗಂಡ ಬೈರಣ್ಣ ಪಕ್ಕದಲ್ಲಿ ಕೂತು ಕೆಮ್ಮುವುದೂ ಕೇಳಿಸುತ್ತಿತ್ತು.

ಹೊಸದಾಗಿ ಬಂದ ಮ್ಯಾನೇಜರ್ ಸುಮೇಧನಿಗೆ ಮೂವತ್ತೂ ತುಂಬಿರಲಿಲ್ಲ. ಒಳ್ಳೆಯ ಮಾತುಗಾರ, ಯಾರ ಮೇಲೂ ದನಿ ಎತ್ತುವವನಲ್ಲ. ಶಿವರಾಮನನ್ನು ಕರೆಸಿ ಕಾಫಿ ಕೊಟ್ಟ.

“ಸಾರ್, ನಿಮ್ ಶೋ ನಂಗೆ ಪರ್ಸನಲ್ಲಾಗಿ ತುಂಬಾ ಇಷ್ಟ. ನಮ್ಮಮ್ಮ ಕೇಳ್ತಿದ್ರು.”

“ಈಗ?”

“ಈಗ ಅವ್ರೂ ಕೇಳಲ್ಲ ಸಾರ್.” ಸುಮೇಧ ನಕ್ಕ. “ರೇಡಿಯೋ ಅನ್ನೋದು ಈಗ ಕ್ಯಾಮೆರಾ ಇಡೋಕೆ ಒಂದು ನೆಪ ಅಷ್ಟೇ. ನಿಮ್ ಶೋದಿಂದ ಒಂದು ರೀಲ್ ಓಡ್ಲಿ, ಒಂದೇ ಒಂದು. ಇಲ್ಲಾಂದ್ರೆ ಆ ಟೈಮಿಗೆ ಕಂಪ್ಯೂಟರಲ್ಲಿ ಹಾಡು ಹಾಕ್ಬಿಡಿ ಅಂತ ಮೇಲಿಂದ ಹೇಳ್ತಿದಾರೆ. ಯಾರನ್ನಾದ್ರೂ ಬಕ್ರಾ ಮಾಡೋಣ. ಒಂದು ಒಳ್ಳೆ ಮುಖ ಹೇಳಿ.”

ಶಿವರಾಮ್ ಯೋಚನೆ ಮಾಡುವವನಂತೆ ಕಾಫಿ ಲೋಟ ತಿರುಗಿಸಿದ. ಯೋಚಿಸಲು ಏನೂ ಇರಲಿಲ್ಲ, ಅವನಿಗೆ ಉಳಿದಿದ್ದವಳು ಒಬ್ಬಳೇ. ಹೆಸರು ಹೇಳಿದ. ಉಪಾಯವೂ ಅವನದೇ: ಕಾರ್ಯಕ್ರಮವನ್ನು ಒಂದು ಗಂಟೆ ನೀನೇ ನಡೆಸು ಅಂತ ಸೊಣ್ಣಮ್ಮನನ್ನು ಕರೆಸುವುದು, ಹೆಡ್‌ಫೋನ್ ಹಾಕಿ ಕೂರಿಸುವುದು, ಮೈಕು ಮಾತ್ರ ಆನ್ ಮಾಡದೆ ಇರುವುದು. ಅವಳು ಊರಿಗೆಲ್ಲ ಮಾತಾಡುತ್ತಿದ್ದೇನೆ ಅಂದುಕೊಂಡು ಗೋಡೆಗೆ ಮಾತಾಡುತ್ತಾಳೆ. ಕೊನೆಗೆ ಎಲ್ಲರೂ ಒಳಗೆ ನುಗ್ಗಿ ಚಪ್ಪಾಳೆ ಹೊಡೆದು ನಗುವುದು. ಬಾಡಿಗೆಯವರಿಗೆ ಬೈಯುತ್ತಾಳೆ, ಸೊಸೆಯ ಮೇಲೆ ಚಾಡಿ ಹೇಳುತ್ತಾಳೆ, ಸಖತ್ ಕಾಮಿಡಿ ಆಗುತ್ತದೆ ಅಂತ ಇಬ್ಬರೂ ಲೆಕ್ಕ ಹಾಕಿದರು.

ಸೊಣ್ಣಮ್ಮ ಬಂದಳು. ಹಸಿರು ಧರ್ಮಾವರಂ ಸೀರೆ ಉಟ್ಟು, ತಲೆತುಂಬ ಕನಕಾಂಬರ ಮುಡಿದು, ಡಬ್ಬಿಯಲ್ಲಿ ಒಬ್ಬಟ್ಟು ತಂದಿದ್ದಳು. ರಿಸೆಪ್ಷನ್ನಿನ ಹುಡುಗಿ ಅರ್ಪಿತಳಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರಿಗೂ ತಾನೇ ಕೈಯಾರೆ ಬಡಿಸಿದಳು. ಶಿವರಾಮನ ಗಲ್ಲ ಮುಟ್ಟಿ ನೆಟಿಗೆ ಮುರಿದಳು.

“ಇಷ್ಟು ಸಣ್ಣ ಆಸಾಮಿನಾ ನೀನು! ದನಿ ಕೇಳಿ ಆಳು ದಪ್ಪಗವ್ನೆ ಅಂದ್ಕಂಡಿದ್ದೆ.”

ಕ್ಯಾಮೆರಾ ಹುಡುಗ ಲಿಖಿತ್ ಮೂಲೆಯಲ್ಲಿ ಒಂದು, ಮೇಜಿನ ಮೇಲೆ ಒಂದು ಕ್ಯಾಮೆರಾ ಇಟ್ಟಿದ್ದ. ಅದು ನೆನಪಿಗೆ ಅಂತ ಹೇಳಿದರು. ಹೆಡ್‌ಫೋನ್ ಹಾಕುವಾಗ ಹೂವು ನಲುಗೀತು ಅಂತ ಸೊಣ್ಣಮ್ಮ ತಲೆ ಓರೆ ಮಾಡಿದಳು. ಶಿವರಾಮ್ ಎದುರಿಗೆ ಕೂತು ಬೆರಳೆತ್ತಿ, “ಶುರು ಮಾಡಿ ಅಮ್ಮ. ಊರೇ ಕೇಳ್ತಾ ಇದೆ” ಅಂದ. ಆ ಹೊತ್ತಿಗೆ ರೇಡಿಯೋದಲ್ಲಿ ಬರುತ್ತಿದ್ದದ್ದು ಕಂಪ್ಯೂಟರಿಗೆ ತುಂಬಿಸಿಟ್ಟಿದ್ದ ಸಿನಿಮಾ ಹಾಡು.

ಅವಳು ಬಾಡಿಗೆಯವರ ಸುದ್ದಿ ಎತ್ತಲೇ ಇಲ್ಲ. ಸೊಸೆಯ ಸುದ್ದಿಯನ್ನೂ ಎತ್ತಲಿಲ್ಲ. ಗಂಟಲು ಸರಿಮಾಡಿಕೊಂಡು, ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಮಂಗೀ, ಕೇಳ್ತಾ ಇದ್ದೀಯಾ? ನಾನು ಕಣೆ, ನಿನ್ನಕ್ಕ. ಮೂರು ಗಂಟೆಗೆ ರೇಡಿಯೋ ಹಾಕು ಅಂತ ಹಾಲಿನವನ ಕೈಲಿ ಹೇಳ್ಕಳಿಸಿದ್ದೆ. ಎದುರಿಗೆ ಬಂದು ಹೇಳೋ ಧೈರ್ಯ ನಂಗಿಲ್ಲ.”

ಮಂಗಮ್ಮ ಅವಳ ತಂಗಿ. ಪದ್ಮನಾಭನಗರದಲ್ಲಿದ್ದಳು, ನಡೆದರೂ ಹೋಗುವಷ್ಟು ಹತ್ತಿರ. ತಾಯಿ ಸತ್ತಾಗ ತಾಯಿಯ ಕಾಸಿನ ಸರ ಕಾಣೆಯಾಗಿತ್ತು. ಹನ್ನೊಂದನೆಯ ದಿನ, ಎಲೆ ಹಾಕಿ ಊಟಕ್ಕೆ ಕೂತಿದ್ದ ನೆಂಟರ ಎದುರು ಸೊಣ್ಣಮ್ಮ ತಂಗಿಯ ಸೆರಗು ಜಾಡಿಸಿ, ಚೀಲ ಸುರುವಿ ಹುಡುಕಿದ್ದಳು. ಮಂಗಮ್ಮ ಎಲೆ ಬಿಟ್ಟು ಎದ್ದು ಹೋದವಳು ಮತ್ತೆ ಆ ಮನೆಯ ಹೊಸಿಲು ತುಳಿದಿರಲಿಲ್ಲ.

“ಸರ ಸಿಕ್ತು ಕಣೆ ಮಂಗಿ. ಆವಾಗ್ಲೇ ಸಿಕ್ತು. ರಾಗಿ ತುಂಬೋ ವಾಡೆ ಒಳಗೆ ಅವ್ವನೇ ಮಡಗಿದ್ಲು. ಹೇಳಕ್ಕೆ ನಾಚ್ಕೆ ಆಯ್ತು. ನಾಳೆ ಹೇಳುವ, ನಾಡಿದ್ದು ಹೇಳುವ ಅಂತ ಇಷ್ಟು ವರ್ಷ ಮಾಡ್ಬುಟ್ಟೆ. ನೀನು ಕಳ್ಳಿ ಅನ್ನೋ ಹೆಸ್ರು ಹೊತ್ಕಂಡು ತಿರುಗಿದೆ. ಎಲ್ಲಾರ ಮುಂದೆ ಅಂದೆ, ಎಲ್ಲಾರ ಮುಂದೇನೇ ಹೇಳ್ಬೇಕು ಅಂತ ಇಲ್ಲಿಗೆ ಬಂದೆ. ತಪ್ಪಾಯ್ತು ಕಣೆ ಮಂಗೀ… ತಪ್ಪಾಯ್ತು ಕಣೇ…”

ಮೂಗು ಬಾಯಿ ಎಲ್ಲ ಒದ್ದೆಯಾಗಿ, ಹೆಡ್‌ಫೋನ್ ಕೊರಳಿಗೆ ಜಾರಿ, ವಿಚಿತ್ರವಾದ ಒಂದು ದನಿಯಲ್ಲಿ ಅತ್ತಳು. ಅಳುವಿನ ನಡುವೆ ಬಿಕ್ಕಳಿಕೆ ಬೇರೆ ಹತ್ತಿತು.

ಮೈಕಿನ ಸ್ವಿಚ್ಚು ಶಿವರಾಮನ ಕೈಯ ಹತ್ತಿರವೇ ಇತ್ತು. ಒತ್ತಿದ್ದರೆ ಅವಳಾಡುವ ಮುಂದಿನ ಮಾತಾದರೂ ಪದ್ಮನಾಭನಗರಕ್ಕೆ ತಲುಪುತ್ತಿತ್ತು. ಅವನು ಕೈ ಎತ್ತಿದ. ಎತ್ತಿದ ಕೈಯಲ್ಲಿ ಲಿಖಿತ್‌ಗೆ, ಇನ್ನೂ ಹತ್ತಿರ ಬಾ, ಮುಖ ತಗೋ ಅಂತ ಸನ್ನೆ ಮಾಡಿದ.

ಬಾಗಿಲು ತೆರೆದು ಎಲ್ಲರೂ ಒಳಗೆ ಬಂದರು. ಹೊರಗಿದ್ದವರಿಗೆ ಒಳಗಿನ ಮಾತು ಕೇಳಿರಲಿಲ್ಲವಾದ್ದರಿಂದ ಮೊದಲೇ ಹೇಳಿಕೊಟ್ಟಿದ್ದಂತೆ, “ಬಕ್ರಾ! ಬಕ್ರಾ!” ಅಂತ ಚಪ್ಪಾಳೆ ಹೊಡೆದರು. ಸೊಣ್ಣಮ್ಮ ಅಳು ಮುಖದಲ್ಲೇ ನಗಲು ನೋಡಿದಳು, ಏನೋ ಸಂತೋಷದ ವಿಷಯ ಇರಬೇಕು ಅಂತ. ಅಷ್ಟರಲ್ಲಿ ಅವಳ ಸೊಂಟದ ಚೀಲದಲ್ಲಿದ್ದ ಫೋನು ಬಡಿದುಕೊಂಡಿತು. ಬೈರಣ್ಣ.

“ಏನಮ್ಮಿ, ಬೀದಿಯೋರ್ನೆಲ್ಲ ಕೂರಿಸ್ಕಂಡು ಕೇಳ್ತಾ ಇದೀನಿ. ಬರೀ ಹಾಡೇ ಬರ್ತಾ ಐತಲ್ಲ, ನಿನ್ ದನಿಯೇ ಇಲ್ಲ?”

ಅವಳು ಶಿವರಾಮನ ಕಡೆ ನೋಡಿದಳು. “ಅಂಗಾರೆ ಮಂಗಿಗೆ ಕೇಳಿಸ್ನಿಲ್ವಾ?”

ಉತ್ತರ ಕೊಟ್ಟವನು ಸುಮೇಧ. ಅವಳ ಹೆಗಲ ಮೇಲೆ ಕೈಯಿಟ್ಟು ಪ್ರೀತಿಯಿಂದಲೇ ಹೇಳಿದ. “ಅಮ್ಮ, ಆನ್ ಆಗಿದ್ರೂ ಯಾರೂ ಕೇಳ್ತಿರ್ಲಿಲ್ಲ. ಈಗ ನೋಡ್ತಿರಿ, ಊರಿಗೂರೇ ನೋಡತ್ತೆ.”

ಸುಳ್ಳು ಹೇಳಿರಲಿಲ್ಲ ಅವನು. ಎರಡೇ ದಿನಕ್ಕೆ ರೀಲ್ ಲಕ್ಷಗಳ ಲೆಕ್ಕದಲ್ಲಿ ಓಡಿತು. ಸರದ ಕಥೆ ಉದ್ದವಾಯಿತೆಂದು ಕತ್ತರಿಸಿ, ಹೆಡ್‌ಫೋನ್ ಜಾರುವುದು, ಬಿಕ್ಕಳಿಕೆ, “ತಪ್ಪಾಯ್ತು ಕಣೇ” ಇಷ್ಟನ್ನು ಉಳಿಸಿ, ಹಿಂದೆ ನಗುವ ಶಬ್ದ ಸೇರಿಸಿದ್ದರು. ಆ ದನಿಯನ್ನು ಜನ ತೆಗೆದುಕೊಂಡು ತಮತಮಗೆ ಬೇಕಾದ ಹಾಗೆ ಬಳಸಿದರು. ಪರೀಕ್ಷೆಯಲ್ಲಿ ಫೇಲಾದ ಹುಡುಗ, ದೋಸೆ ಸೀಯಿಸಿದ ಹೆಂಡತಿ, ಹೆಲ್ಮೆಟ್ ಇಲ್ಲದೆ ಪೊಲೀಸಿನವರಿಗೆ ಸಿಕ್ಕಿದವನು, ಎಲ್ಲರ ಬಾಯಿಯಲ್ಲೂ ಸೊಣ್ಣಮ್ಮನೇ ಅತ್ತಳು. ಚಿಕ್ಕಲಸಂದ್ರದಲ್ಲಿ ಅವಳಿಗೆ ಹೆದರುತ್ತಿದ್ದ ಬಾಡಿಗೆಯವರ ಮಕ್ಕಳು ಮೆಟ್ಟಿಲ ಮೇಲಿಂದ ಬಿಕ್ಕಳಿಸಿ ತೋರಿಸಿ ಓಡುತ್ತಿದ್ದರು. ಅವಳು ಗೇಟಿನ ಹತ್ತಿರ ಬರುವುದನ್ನೇ ಬಿಟ್ಟಳು. ಮೂರು ಗಂಟೆಗೆ ಫೋನು ಮಾಡುವುದನ್ನೂ ಬಿಟ್ಟಳು.

ಸುಮೇಧ ಕೇಕು ತರಿಸಿದ. “ಪಾರ್ಟ್ ಟೂ ಮಾಡ್ಬೇಕು ಸಾರ್. ಆ ತಂಗೀನ ಕರ್ಕೊಂಬನ್ನಿ. ಅಕ್ಕ ತಂಗಿ ಇಬ್ರನ್ನೂ ನಮ್ ಸ್ಟುಡಿಯೋದಲ್ಲೇ ಒಂದ್ಮಾಡೋಣ. ಜನ ಅಳ್ತಾರೆ.”

ಶಿವರಾಮ್ ಪದ್ಮನಾಭನಗರಕ್ಕೆ ಹೋದ. ಕೆಟ್ಟದ್ದನ್ನು ಸರಿ ಮಾಡಲು ಹೋಗುತ್ತಿದ್ದೇನೆ ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಟ್ಯೂಷನ್ ಸೆಂಟರಿನ ಮೇಲಿನ ಮಹಡಿಯಲ್ಲಿ ಮಂಗಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಅಕ್ಕನದೇ ಮೂಗು, ಅಕ್ಕನದೇ ಗಲ್ಲ. ಅವನು ಎಲ್ಲವನ್ನೂ ಹೇಳಿದ. ಕತ್ತರಿಸಿ ಹಾಕಿದ್ದ ಸರದ ಮಾತನ್ನೂ ತನ್ನ ಫೋನಿನಲ್ಲಿ ಕೇಳಿಸಿದ. ಮಂಗಮ್ಮ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಕರಗಿದಳು ಅಂತ ಅವನಿಗೆ ಅನ್ನಿಸಿತು.

“ಆವತ್ತು ರೇಡಿಯೋ ಹಾಕ್ಕಂಡೇ ಕೂತಿದ್ದೆ ನಾನು,” ಅಂದಳು. “ಹಾಡು ಬಂತು. ಹಲ್ಲುಜ್ಜೋ ಪೇಸ್ಟಿನ ಅಡ್ವಟೈಸು ಬಂತು. ಆಮೇಲೆ ಮೊಮ್ಮಗಳು ಫೋನಲ್ಲಿ ತೋರಿಸಿದ್ಲು. ದಿನಾ ನೋಡ್ತೀನಿ. ಮುಗೀತಿದ್ದಂಗೆ ಇನ್ನೊಂದ್ಸಾರಿ ಹಾಕು ಅಂತೀನಿ.”

“ಅವ್ರು ಇಷ್ಟು ನೊಂದ್ಕೊಂಡಿದ್ದಾರೆ ಅಂತ ನಿಮ್ಗೆ ಅನ್ಸಿರ್ಬೇಕು ಅಮ್ಮ…”

“ನಗು ಬತ್ತದೆ ಕಣಪ್ಪಾ, ಅದ್ಕೆ ನೋಡ್ತೀನಿ.” ಮಂಗಮ್ಮ ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟಳು. “ನನ್ ಸೆರಗು ಜಾಡಿಸ್ದಾಗ ಇಪ್ಪತ್ತು ಎಲೆ ಹಾಕಿತ್ತು. ಅಷ್ಟೇ ಜನ ನೋಡಿದ್ರು. ಅವಳ್ನ ಲೋಕವೇ ನೋಡ್ತಲ್ಲ. ಬತ್ತೀನಿ ನಿನ್ ಸ್ಟುಡಿಯೋಗೆ. ಆದ್ರೆ ಕ್ಯಾಮೆರಾ ಮುಂದೆ ಅವಳು ನನ್ ಕಾಲಿಗೆ ಬೀಳ್ಬೇಕು. ದೊಡ್ಡೋಳು ಚಿಕ್ಕೋಳ ಕಾಲಿಗೆ. ಬೀಳ್ತಾಳಾ ಕೇಳು.”

ಶಿವರಾಮ್ ಕೇಳಲಿಲ್ಲ. ಚಿಕ್ಕಲಸಂದ್ರಕ್ಕೆ ಹೋಗಿ, ಒಳಮನೆಯ ಕತ್ತಲಲ್ಲಿ ಗೋಡೆಗೆ ಒರಗಿ ಕೂತಿದ್ದ ಸೊಣ್ಣಮ್ಮನಿಗೆ, ಹದಿನೆಂಟು ವರ್ಷ ಪಳಗಿದ ಆ ದನಿಯಲ್ಲಿ, “ನಿಮ್ ತಂಗಿ ಅತ್ತುಬಿಟ್ರು ಅಮ್ಮ. ಅಕ್ಕನ್ನ ನೋಡ್ಬೇಕು ಅಂತಿದಾರೆ” ಅಂದ. ಇನ್ನೊಬ್ಬರು ಹೇಳಿದ್ದರೆ ಸೊಣ್ಣಮ್ಮ ನಂಬುತ್ತಿರಲಿಲ್ಲ. ಆ ದನಿಯನ್ನು ನಂಬುವುದು ಅವಳಿಗೆ ರೂಢಿಯಾಗಿಹೋಗಿತ್ತು. ಎದ್ದು ಬೀರು ತೆಗೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಾಸಿನ ಸರ ಹೊರಗೆ ತೆಗೆದಳು.

ಸ್ಟುಡಿಯೋದಲ್ಲಿ ಮಂಗಮ್ಮನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದ್ದರು. ಸೊಣ್ಣಮ್ಮ ಬೈರಣ್ಣನ ಕೈ ಹಿಡಿದು ಒಳಗೆ ಬಂದು, “ಮಂಗೀ” ಅಂದು ಸರ ಚಾಚಿದಳು. ಮಂಗಮ್ಮ ಅದನ್ನು ನೋಡಲೂ ಇಲ್ಲ. ತನ್ನ ಪಾದಗಳನ್ನು ಸ್ವಲ್ಪ ಮುಂದಕ್ಕೆ ಇಟ್ಟಳು.

“ಹೇಳಿಲ್ವೇನಪ್ಪಾ ಇವ್ಳಿಗೆ?”

ಸೊಣ್ಣಮ್ಮ ಪಾದ ನೋಡಿದಳು, ತಂಗಿಯ ಮುಖ ನೋಡಿದಳು, ಆಮೇಲೆ ಶಿವರಾಮನನ್ನು ನೋಡಿದಳು. ಅವಳಿಗೆ ಅರ್ಥವಾಯಿತು. ಸರವನ್ನು ಬೈರಣ್ಣನ ಕೈಗೆ ಕೊಟ್ಟು, ಗೋಡೆ ಹಿಡಿದು, ಒಂದೊಂದೇ ಮಂಡಿ ಊರಿ ಬಗ್ಗಿದಳು. ಹಣೆ ತಂಗಿಯ ಪಾದಕ್ಕೆ ತಾಗಿತು.

ಲಿಖಿತ್ ಕ್ಯಾಮೆರಾದಿಂದ ತಲೆಯೆತ್ತಿ ಮೆಲ್ಲಗೆ, “ಸಾರ್, ಫೋಕಸ್ ಹೋಯ್ತು” ಅಂದ.

ಎಲ್ಲರೂ ಶಿವರಾಮನ ಕಡೆ ತಿರುಗಿದರು. ಸೊಣ್ಣಮ್ಮ ಇನ್ನೂ ನೆಲದ ಮೇಲೇ ಇದ್ದಳು.

“ಅಮ್ಮ,” ಅಂದ ಶಿವರಾಮ್, “ಇನ್ನೊಂದ್ಸಲ.”

ಅವಳು ಇನ್ನೊಂದು ಸಲ ಬಿದ್ದಳು. ಮಂಗಮ್ಮ ಎದ್ದು, ಸೀರೆ ಸರಿಮಾಡಿಕೊಂಡು, ನೆಲದಲ್ಲಿದ್ದ ಅಕ್ಕನನ್ನು ದಾಟಿಕೊಂಡು ಬಾಗಿಲ ಕಡೆ ನಡೆದಳು. ಸೊಣ್ಣಮ್ಮನಿಗೆ ಮಾತ್ರ ಏಳಲು ಆಗಲಿಲ್ಲ. ಬೈರಣ್ಣ ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದ. ಶಿವರಾಮ್ ಹಿಡಿಯಲು ಹೋದಾಗ ಮುದುಕ ಅವನ ಕೈಯನ್ನು ಕೊಡವಿದ.

“ನಿನ್ ದನಿ ಹದಿನೆಂಟು ವರ್ಸ ನಮ್ಮನೇಲಿ ಉಂಡೈತೆ ಕಣಯ್ಯಾ,” ಅಂದ. ಹೆಂಡತಿಯನ್ನು ನಡೆಸಿಕೊಂಡು ಹೋದ.

ಎರಡನೆಯ ರೀಲ್ ಓಡಲಿಲ್ಲ. ಅಷ್ಟರಲ್ಲಿ ಜನ ಮಡಿವಾಳದ ಒಬ್ಬ ಟೊಮ್ಯಾಟೊ ವ್ಯಾಪಾರಿಯ ಕೂಗಿನ ಹಿಂದೆ ಬಿದ್ದಿದ್ದರು. “ಜನಕ್ಕೆ ಬೋರಾಯ್ತು ಸಾರ್, ಹಾಗಾಗತ್ತೆ,” ಅಂದ ಸುಮೇಧ. ಬೇಸರವೇನೂ ಮಾಡಿಕೊಳ್ಳದೆ ಕಾಫಿ ತರಿಸಿದ. ‘ಮೂರರ ಹರಟೆ’ಯನ್ನು ನಿಲ್ಲಿಸಿದ್ದಾರೆ, ಮೇಲಿನವರ ತೀರ್ಮಾನ ಅಂತ ಹೇಳಿದ.

ಮುಂದಿನ ವಾರ ಶಿವರಾಮ್ ತನ್ನ ಲೋಟ, ಕುರ್ಚಿಯ ಮೇಲಿನ ಶಾಲು ತೆಗೆದುಕೊಂಡು ಹೋಗಲು ಬಂದ. ಮೂರು ಗಂಟೆ ದಾಟಿತ್ತು. ಸ್ಟುಡಿಯೋದ ದೀಪ ಆರಿಸಿದ್ದರು, ಒಳಗೆ ಕಂಪ್ಯೂಟರು ತನ್ನ ಪಾಡಿಗೆ ತಾನು ಒಂದರ ಹಿಂದೊಂದು ಹಾಡು ಹಾಕುತ್ತಿತ್ತು. ರಿಸೆಪ್ಷನ್ನಿನಲ್ಲಿ ಅರ್ಪಿತ ಮೊಬೈಲ್ ನೋಡುತ್ತಾ ಕೂತಿದ್ದಳು. ಹೊರಡುವ ಮುಂಚೆ ಅವನಿಗೆ ತಡೆಯಲಾಗಲಿಲ್ಲ.

“ಈ ವಾರ ಯಾರಾದ್ರೂ ಫೋನ್ ಮಾಡಿದ್ರೇನಮ್ಮ? ಶೋ ಯಾಕೆ ಬರ್ತಿಲ್ಲ ಅಂತ?”

ಅರ್ಪಿತ ನೆನಪು ಮಾಡಿಕೊಂಡಳು.

“ಒಂದು ಕಾಲ್ ಬಂದಿತ್ತು ಸಾರ್,” ಅಂದಳು. “ಗ್ಯಾಸ್ ಬುಕ್ ಮಾಡೋಕೆ.”