ಅಗಿದು ನೋಡಿದ ಕಡ್ಡಿ

ಮೇವಿನ ಹೊಲದ ಅಂಚಿನಲ್ಲಿ ಮಾವ ಹುಲ್ಲಿನ ಕಡ್ಡಿಯನ್ನು ಬಾಯಿಗಿಟ್ಟುಕೊಂಡ ಮೇಲೆ ಸೊಸೆಗೆ ತನ್ನ ಕೈಯ ನೆನಪಾಯಿತು. ಈಗಷ್ಟೇ ಡ್ರೈವರು ಕೊಯ್ಲು ಯಂತ್ರಕ್ಕೆ ಡೀಸೆಲ್ ಸುರಿಯುವಾಗ ಆಲಿಕೆ ಹಿಡಿದಿದ್ದಳು. ಮಣಿಕಟ್ಟಿನವರೆಗೂ ಎಣ್ಣೆ ಇಳಿದಿತ್ತು. ಒರೆಸಿಕೊಳ್ಳದೆ ಅದೇ ಕೈಯಲ್ಲಿ ಕಡ್ಡಿ ಕಿತ್ತು, ಗರಿ ಸುಲಿದು ಕೊಟ್ಟಿದ್ದಳು.

ಥೂ ಎಂದು ಉಗುಳಿ ಬೈಯುತ್ತಾರೆಂದು ಕಾದಳು. ಮಾವ ಎಂದಿನಂತೆ ಕಣ್ಣು ಮುಚ್ಚಿ ಅಗಿದರು, ರಸ ಹೀರಿದರು, ಸಿಪ್ಪೆಯನ್ನು ಅಂಗೈಗೆ ಉಗಿದರು.

"ಇನ್ನೂ ಸಿಹಿ ಕಟ್ಟಿಲ್ಲಮ್ಮ. ಎಂಟು ದಿನ ಬಿಡೋಣ."

ಸುತ್ತಲಿನ ಹೈನುಗಾರರೆಲ್ಲ ಅವರನ್ನು ಹುಲ್ಲಿನ ಡಾಕ್ಟರು ಎನ್ನುತ್ತಿದ್ದರು. ಕಡ್ಡಿ ಹಸಿಹಸಿಯಾಗಿದ್ದರೆ ಕಾಯಬೇಕು, ಸಿಹಿಯಾದರೆ ಅಂದೇ ಕೊಯ್ಯಬೇಕು, ಸಪ್ಪೆಯಾದರೆ ಹೊತ್ತು ಮೀರಿತು. ನಲವತ್ತು ವರ್ಷ ತಪ್ಪದ ನಾಲಿಗೆ ಹೋದ ಸಲ ಮಾತ್ರ ತಪ್ಪಿತ್ತು. ಹುಲ್ಲು ಬಲಿತು, ಹನ್ನೊಂದು ಹಸುಗಳೂ ಗೋದಲಿಯಲ್ಲಿ ದಂಟು ಉಳಿಸಿ ಗರಿಯಷ್ಟೇ ತಿಂದವು. ಹಾಲು ಮೂರರಲ್ಲಿ ಒಂದು ಪಾಲು ಇಳಿಯಿತು. ಮನೆಯವರೆಲ್ಲ ಬೀಜವನ್ನು ಬೈದಿದ್ದರು. ಇನ್ನೊಮ್ಮೆ ಹಾಗಾದರೆ ಅರ್ಧ ಹಸುಗಳನ್ನು ಮಾರುವುದೆಂದು ಗಂಡ ಹೇಳಿಬಿಟ್ಟಿದ್ದ.

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆ ಕೊಯ್ಲಿಗೆ ಮುಂಚೆ ಮಾವನಿಗೆ ಆರು ದಿನ ಜ್ವರ ಬಂದಿತ್ತು. ಉಪ್ಪು ಒಂದು ಹರಳು ಹೆಚ್ಚಾದರೂ ತಟ್ಟೆ ಸರಿಸುತ್ತಿದ್ದವರು ಆಮೇಲಾಮೇಲೆ ಹಾಕಿದ್ದನ್ನು ಸುಮ್ಮನೆ ಉಂಡು ಏಳುತ್ತಿದ್ದರು. ವಯಸ್ಸು ಮೆತ್ತಗೆ ಮಾಡಿತು ಎಂದು ಅವಳೂ ಗಂಡನೂ ನಕ್ಕಿದ್ದರು.

ಅಂಗೈಯನ್ನು ಅವರ ಮೂಗಿನ ಬಳಿ ಹಿಡಿದಳು. ಅವರು ಏನೆಂದು ತಿಳಿಯದೆ ನೋಡಿದರು. ಬಿಸಿಲಿಗೆ ಅದರ ಮೇಲೆ ಎಣ್ಣೆಯ ಬಣ್ಣಗಳು ಆಡುತ್ತಿದ್ದವು. ಆಮೇಲೆ ತಮ್ಮ ಕೈಯಲ್ಲಿದ್ದ ಸಿಪ್ಪೆಯನ್ನು ನೋಡಿದರು. ಅಲ್ಲೂ ಅದೇ ಹೊಳಪು. ಸಿಪ್ಪೆಯನ್ನು ಕೆಳಗೆ ಬಿಟ್ಟರು.

"ಜ್ವರ ಬಂದಾಗಿಂದ ರುಚಿ, ವಾಸನೆ ಏನೂ ಗೊತ್ತಾಗಲ್ಲ," ಎಂದರು ಮೆಲ್ಲಗೆ. "ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ ಕಣಮ್ಮ."

"ಏನಂತಾರೆ ಡಾಕ್ಟ್ರು?" ಡ್ರೈವರು ಯಂತ್ರದ ಮೇಲಿಂದ ಕೂಗಿದ. "ಇವತ್ತು ವಾಪಸ್ ಹೋದ್ರೆ ನಾನು ಬರೋದು ಇನ್ನು ಹದಿನೈದು ದಿನಕ್ಕೇ."

ಅವಳು ಇನ್ನೊಂದು ಕಡ್ಡಿ ಕಿತ್ತು ಉಗುರಿನಿಂದ ಉದ್ದಕ್ಕೆ ಸೀಳಿದಳು. ಸುರುಳಿ ಗರಿಗಳ ಒಳಗೆ ಬೆರಳ ಗೆಣ್ಣಿನಷ್ಟುದ್ದದ ಬಿಳಿ ತೆನೆ ಮಲಗಿತ್ತು. ನಾಲ್ಕೈದು ದಿನದಲ್ಲಿ ಅದು ಹೊರಗೆ ಬರುತ್ತದೆ. ಅಲ್ಲಿಂದ ದಂಟು ದಿನದಿನಕ್ಕೆ ಕಟ್ಟಿಗೆಯಾಗುತ್ತದೆ. ಕೃಷಿ ಓದಿ ಬಂದವಳಿಗೆ ಇದು ಮೊದಲೇ ಗೊತ್ತಿತ್ತು. ಆ ನಾಲಿಗೆಯಿರುವ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಈಗ ಸೀಳನ್ನು ಅವರ ಮುಂದೆ ಹಿಡಿದಳು.

ಮಾವ ತೆನೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಡ್ರೈವರಿಗೆ ಕೇಳುವಂತೆ, "ಕೊಯ್ಯಪ್ಪ, ಇವತ್ತೇ" ಎಂದರು.

"ನಾಲಿಗೆ ಅಂದ್ರೆ ಇದು ನೋಡಿ," ಎನ್ನುತ್ತ ಅವನು ಯಂತ್ರ ಚಾಲೂ ಮಾಡಿದ.

ಅವಳು ಚೊಂಬಿನಲ್ಲಿ ನೀರು ತಂದು, ಮೊದಲು ಬಾಯಿ ಮುಕ್ಕಳಿಸಿ ಎಂದಳು. ಸೋಪು ಹಚ್ಚಿ ಎರಡೆರಡು ಸಲ ಕೈ ತೊಳೆದುಕೊಂಡು, ಅಂಚಿನಿಂದ ಒಂದು ಕಡ್ಡಿ ಕಿತ್ತು ಹಲ್ಲಿಗಿಟ್ಟಳು. ಹುಲ್ಲು ಸಾಲುಸಾಲಾಗಿ ಮಲಗುತ್ತಿತ್ತು. ಮಾವ ಅತ್ತ ನೋಡಲಿಲ್ಲ. ಅವಳ ದವಡೆ ಆಡುವುದನ್ನೇ ನೋಡುತ್ತ ನಿಂತರು.